ಹಗ್ಗದ ತುದಿಯ ನಾಯಿ

ಬಿಟ್ಟಾಗ ಬಾಲ ಅಲ್ಲಾಡಿಸುತ್ತ ಬಂದು ಕಾಲು ಮೂಸಿ ಹೋಗುವ ನಾಯಿ, ಕಟ್ಟಿಹಾಕಿದಾಗ ಅದೇ ಮನುಷ್ಯನ ಮೇಲೆ ಹಲ್ಲು ಕಿರಿದು ಎಗರುತ್ತದೆ. ಇದನ್ನು ನೋಡದವರು ಯಾರೂ ಇರಲಿಕ್ಕಿಲ್ಲ. ಕಟ್ಟಿದ ನಾಯಿಯ ಹತ್ತಿರ ಹೋಗಬೇಡ ಎಂದು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ನಾಯಿಯನ್ನು ಕಟ್ಟುವುದು ಯಾರಿಗೂ ತೊಂದರೆಯಾಗದಿರಲಿ ಎಂದು. ಕಟ್ಟಿದ ಮೇಲೆ ನೋಡಿದರೆ ಅದು ಮೊದಲಿಗಿಂತ ಹೆಚ್ಚು ಅಪಾಯದ ಪ್ರಾಣಿ. ಎರಡು ಮೀಟರ್ ಹಗ್ಗದಲ್ಲಿ ಅಂಥದ್ದೇನಿದೆ?

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ವೇದಸಂದೂರಿನ ಹೊರಗಿನ ಒಂದು ತೋಟದಲ್ಲಿ. ದಿಂಡಿಗಲ್‌ನಿಂದ ಕರೂರಿನ ಕಡೆಗೆ ಹೋಗುವ ಹೆದ್ದಾರಿಯ ಊರು ಇದು. ಒಣ ಗಾಳಿ, ಕೆಂಪು ಮಣ್ಣು, ನುಗ್ಗೆ, ಕಡಲೆಕಾಯಿ, ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿ. ದಿಂಡಿಗಲ್ ಮತ್ತು ತೇನಿ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಅನುಪ್ಪರು, ಕಾಪ್ಪಿಲಿಯರು ತಲೆಮಾರುಗಳಿಂದ ಬೇಸಾಯ ಮಾಡುತ್ತ ಬಂದಿದ್ದಾರೆ. ಅಂಥದ್ದೇ ಒಂದು ಮನೆಯವರ ಮುಕ್ಕಾಲು ಎಕರೆ ತೋಟ ಅದು. ಸುತ್ತ ಬೇಲಿ ಇಲ್ಲ. ಬದು ದಾಟಿದರೆ ಇನ್ನೊಬ್ಬರ ತೋಟ, ಅದರಾಚೆ ಮತ್ತೊಬ್ಬರದು. ಕಳೆ ಕೀಳುತ್ತಿದ್ದ ಅಜ್ಜಿಯ ಜೊತೆ ಅವರ ನಾಯಿ ಕರಿಯ ಬಂದಿದ್ದ. ತೆಂಗಿನ ಮರಕ್ಕೆ ಅವನನ್ನು ಕಟ್ಟಿದ್ದರು.

ಬೆಳಗಿನ ಹತ್ತು ಗಂಟೆಯೊಳಗೆ ಅಜ್ಜಿ ಮೂರು ಸಲ ಎದ್ದುಹೋಗಿ ಹಗ್ಗ ಬಿಡಿಸಿದರು. ಪ್ರತಿ ಸಲವೂ ಕರಿಯ ಮರಕ್ಕೆ ಸುತ್ತಿಕೊಂಡು, ಕೊನೆಗೆ ಕೆನ್ನೆ ಕಾಂಡಕ್ಕೆ ಒತ್ತಿಕೊಂಡು ನಿಂತಿರುತ್ತಿದ್ದ. ತೋಟದ ಅಂಚಿನ ದಾರಿಯಲ್ಲಿ ಆಡು ಹೊಡೆದುಕೊಂಡು ಯಾರೋ ಹೋದಾಗ ಅವನ ಆರ್ಭಟ ಕೇಳಿ ಆಡುಗಳು ಚದುರಿದವು, ಆಡಿನವರು ಕಲ್ಲು ಎತ್ತಿಕೊಂಡರು.

“ಬಿಟ್ಟರೆ ಒಂದು ಸದ್ದು ಮಾಡಲ್ಲ ಇವನು. ಕಟ್ಟಿದರೆ ಹಿಂಗೆ” ಎಂದರು ಅಜ್ಜಿ. “ಬಿಡೋಣ ಅಂದ್ರೆ ಬಾವಿ ಇದೆಯಲ್ಲಪ್ಪ.”

ಬಿಡಲಾಗದ್ದು ಏಕೆ

ಬಾವಿ ನಿಜವಾದ ಭಯ. ಈ ಸೀಮೆಯ ತೋಟದ ಬಾವಿಗಳು ಕಟ್ಟೆಯಿಲ್ಲದ, ಬಂಡೆ ಒಡೆದು ತೋಡಿದ ದೊಡ್ಡ ಗುಂಡಿಗಳು. ಮೊಲದ ಹಿಂದೆಯೋ ನವಿಲಿನ ಹಿಂದೆಯೋ ಓಡುವ ನಾಯಿಗೆ ಅಂಚು ಕಾಣುವುದಿಲ್ಲ. ನವಿಲನ್ನು ಹಿಡಿದುಬಿಟ್ಟರೆ ಅದು ಇನ್ನೊಂದು ತಲೆನೋವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ ಅದು. ಪಕ್ಕದವರ ಆಡುಮರಿ, ಇಲಿಗೆಂದು ಇಟ್ಟ ಪಾಷಾಣ, ನಿನ್ನೆ ಹೊಡೆದ ಔಷಧಿ, ಹೆದ್ದಾರಿಯ ಲಾರಿ. ಇವೆಲ್ಲ ರೈತರಿಗೆ ಗೊತ್ತಿರುವ ಅಪಾಯಗಳು.

ಅಷ್ಟಾಗಿ ಗೊತ್ತಿಲ್ಲದ್ದು ಬೆಳೆಯೊಳಗಿನ ವಿಷ. ಈರುಳ್ಳಿ ಹಸಿಯಿರಲಿ ಬೆಂದಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ರಾಶಿ ಹಾಕಿದ ಈರುಳ್ಳಿಯ ಪಕ್ಕ ನಾಯಿಯನ್ನು ಕಟ್ಟಬಾರದು. ನೈಋತ್ಯಕ್ಕಿರುವ ಕಂಬಂ ಕಣಿವೆಗೆ ಹೋದರೆ ಅಲ್ಲಿ ದ್ರಾಕ್ಷಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಪನ್ನೀರ್ ದ್ರಾಕ್ಷಿಯ ಚಪ್ಪರಗಳು. ಚಪ್ಪರದ ತಂಪು ನೆರಳಿನಲ್ಲಿ ನಾಯಿಯನ್ನು ಕಟ್ಟುವುದು ಎಷ್ಟು ಸಹಜ! ಆದರೆ ಉದುರಿದ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಹಾಗಾಗಿ ಹಣ್ಣು ಉದುರುವ ಕಾಲದಲ್ಲಿ ಹುಣಸೆಮರದ ಬುಡವೂ ನಾಯಿಗೆ ಒಳ್ಳೆಯ ಜಾಗವಲ್ಲ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ. ತಿಂದದ್ದು ಗೊತ್ತಾದರೆ ವಾಂತಿಗೂ ಕಾಯದೆ ಪಶುವೈದ್ಯರ ಬಳಿ ಹೋಗಬೇಕು.

ಆದ್ದರಿಂದ ನಾಯಿಯನ್ನು ಸ್ವತಂತ್ರವಾಗಿ ಬಿಟ್ಟುಬಿಡಿ ಎಂದು ಈ ಅಜ್ಜಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಗೆ ಕಟ್ಟಬೇಕು ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಹಗ್ಗದ ತುದಿಯಲ್ಲಿ ನಾಯಿಗೆ ಏನಾಗುತ್ತದೆ ಎಂಬುದು ತಿಳಿಯಬೇಕು.

ಮರ ಹಗ್ಗವನ್ನು ತಿನ್ನುತ್ತದೆ

ಮೊದಲು ಕಣ್ಣಿಗೆ ಕಾಣುವ ಸಂಗತಿ. ಎರಡು ಮೀಟರ್ ಹಗ್ಗಕ್ಕೆ ಕಟ್ಟಿದ ನಾಯಿಗೆ ಸಿಗುವ ನೆಲ ಹನ್ನೊಂದು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯಷ್ಟು. ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ತೆಂಗಿನ ಕಾಂಡದ ಸುತ್ತಳತೆ ಸುಮಾರು ಒಂದು ಮೀಟರ್. ನಾಯಿ ಒಂದು ಸುತ್ತು ಹಾಕಿದರೆ ಮರ ಅರ್ಧ ಹಗ್ಗವನ್ನು ನುಂಗಿತು. ಹಗ್ಗ ಅರ್ಧವಾದರೆ ನೆಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಸುತ್ತಿಗೆ ನೆಲವೇ ಇಲ್ಲ. ಉಳಿಯುವುದು ಮರ ಮತ್ತು ಕತ್ತು.

ಸುತ್ತಿಕೊಂಡ ನಾಯಿ ತಿರುಗಿ ಬಿಡಿಸಿಕೊಳ್ಳಬಾರದೆ? ನಾಯಿಗೆ ಅದು ಕಷ್ಟ. ಬುಡಾಪೆಸ್ಟಿನ ಎಟ್ವೋಷ್ ಲೋರಾಂಡ್ ವಿಶ್ವವಿದ್ಯಾಲಯದ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೆಳಕು ಚೆಲ್ಲುತ್ತದೆ. ಇಂಗ್ಲಿಷಿನ ವಿ ಅಕ್ಷರದಾಕಾರದ ಜಾಲರಿ ಬೇಲಿ; ಮೂಲೆಯ ಆಚೆಗೆ ನಾಯಿಗೆ ಇಷ್ಟದ ವಸ್ತು. ಅದು ಕಾಣುತ್ತದೆ, ಆದರೆ ತಲುಪಬೇಕಾದರೆ ಮೊದಲು ಅದಕ್ಕೆ ಬೆನ್ನು ಹಾಕಿ ಬೇಲಿಯ ತುದಿಯವರೆಗೆ ಹೋಗಿ ಬಳಸಿ ಬರಬೇಕು. ತಾವಾಗಿಯೇ ಕಲಿಯಲು ನಾಯಿಗಳಿಗೆ ಮತ್ತೆ ಮತ್ತೆ ಪ್ರಯತ್ನ ಬೇಕಾಯಿತು. ಮನುಷ್ಯನೊಬ್ಬ ಬಳಸಿ ನಡೆದು ತೋರಿಸಿದಾಗ ಬೇಗ ಕಲಿತವು. ಬೇಕಾದ್ದರ ಕಡೆಗೆ ನೇರ ನುಗ್ಗುವುದು ನಾಯಿಯ ಸ್ವಭಾವ. ಬೇಕಾದ್ದರಿಂದ ದೂರ ಹೋದರೆ ಅದು ಸಿಕ್ಕೀತು ಎಂಬುದು ಅದರ ತಲೆಗೆ ಸುಲಭವಾಗಿ ಹೊಳೆಯದು. ಮರಕ್ಕೆ ಸುತ್ತಿಕೊಂಡ ಕರಿಯ ಹೊರಗಡೆಗೇ ಎಳೆಯುತ್ತಿದ್ದ. ಎಳೆದಷ್ಟೂ ಗಂಟು ಬಿಗಿ.

ಹಾಗಾಗಿ ಮರ, ಕಂಬ, ಗಾಲಿಯಂಥ ಸುತ್ತಿಕೊಳ್ಳಬಲ್ಲ ಯಾವುದಕ್ಕೂ ನಾಯಿಯನ್ನು ನೇರವಾಗಿ ಕಟ್ಟಬಾರದು. ಇದು ಸುಲಭದ ಪಾಠ. ಆದರೆ ಕರಿಯನ ಆರ್ಭಟಕ್ಕೆ ಇದು ಕಾರಣವಲ್ಲ. ಹಗ್ಗ ಪೂರ್ತಿ ಬಿಡಿಸಿದ್ದಾಗಲೂ ಅವನು ಆಡುಗಳ ಮೇಲೆ ಹಾಗೆಯೇ ಎಗರಿದ.

ಕಾಲ್ತೆಗೆಯುವ ದೂರ

ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಪ್ರಾಣಿಶಾಸ್ತ್ರಜ್ಞ. ಜ್ಯೂರಿಕ್ ಮೃಗಾಲಯದ ನಿರ್ದೇಶಕರಾಗಿದ್ದವರು. ಪಂಜರದ ಪ್ರಾಣಿಗಳನ್ನು ಜೀವಮಾನವಿಡೀ ನೋಡಿದ ಅವರು ಒಂದು ಸರಳ ಸಂಗತಿಯನ್ನು ಗುರುತಿಸಿದರು. ಪ್ರತಿ ಪ್ರಾಣಿಯ ಸುತ್ತಲೂ ಕಾಣದ ಗೆರೆಯೊಂದಿದೆ. ಅಪರಿಚಿತರು ಆ ಗೆರೆಯ ಆಚೆಗಿದ್ದರೆ ಪ್ರಾಣಿ ಸುಮ್ಮನೆ ನೋಡುತ್ತದೆ. ಗೆರೆ ದಾಟಿ ಒಳಬಂದರೆ ಎದ್ದು ಸರಿಯುತ್ತದೆ. ಗದ್ದೆಯಲ್ಲಿ ಕೊಕ್ಕರೆಯ ಹತ್ತಿರ ನಡೆದು ನೋಡಿದವರಿಗೆ ಇದು ಗೊತ್ತು: ಒಂದು ಹೆಜ್ಜೆಯವರೆಗೂ ಏನಿಲ್ಲ, ಮುಂದಿನ ಹೆಜ್ಜೆಗೆ ಹಾರಿಹೋಯಿತು. ಇದನ್ನು ಕಾಲ್ತೆಗೆಯುವ ದೂರ ಎನ್ನೋಣ.

ಅದರೊಳಗೆ ಇನ್ನೂ ಚಿಕ್ಕ ಗೆರೆಯೊಂದಿದೆ. ಓಡಲು ದಾರಿಯಿಲ್ಲದ ಪ್ರಾಣಿಯನ್ನು ಅಷ್ಟು ಹತ್ತಿರಕ್ಕೆ ಹೋಗಿ ಮುಟ್ಟಲು ನೋಡಿದರೆ ಅದು ಮೇಲೆ ಬೀಳುತ್ತದೆ. ಇದು ತಿರುಗಿಬೀಳುವ ದೂರ. ಹಿಂದಿನ ಕಾಲದ ಸರ್ಕಸ್ಸಿನ ಸಿಂಹದ ಆಟ ನಿಂತದ್ದೇ ಈ ಎರಡು ಗೆರೆಗಳ ಮೇಲೆ ಎಂದು ಹೆಡಿಗರ್ ವಿವರಿಸಿದರು. ಪಳಗಿಸುವವನು ಮುಂದೆ ಬಂದಾಗ ಸಿಂಹ ಹಿಂದೆ ಸರಿಯುತ್ತದೆ, ಪಂಜರದ ಸರಳು ಬೆನ್ನಿಗೆ ತಾಗುತ್ತದೆ. ಅವನು ಇನ್ನೂ ಮುಂದೆ ಬಂದರೆ ಸಿಂಹ ಗರ್ಜಿಸಿ ಅವನತ್ತ ನುಗ್ಗುತ್ತದೆ. ಆಗ ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ಸಾಕು, ಗೆರೆಯ ಹೊರಗಾದ. ಸಿಂಹ ನಿಲ್ಲುತ್ತದೆ, ನಡುವೆ ಇಟ್ಟ ಪೀಠದ ಮೇಲೆ. ನೋಡುವವರು ಅದನ್ನು ಕೋಪ ಎಂದುಕೊಂಡರು. ಸಿಂಹದ ಮಟ್ಟಿಗೆ ಅದು ದಾರಿ ಮುಗಿದದ್ದು.

ಬಿಟ್ಟ ನಾಯಿ ಅಪರಿಚಿತರನ್ನು ಕಂಡಾಗ ಮಾಡುವುದನ್ನು ಒಮ್ಮೆ ನಿಂತು ಗಮನಿಸಿ. ನೇರ ಬರುವುದಿಲ್ಲ. ಸ್ವಲ್ಪ ಮುಂದೆ ಬಂದು, ನಿಂತು, ಎರಡು ಸಲ ಬೊಗಳಿ, ಹಿಂದೆ ಹೋಗಿ, ಮತ್ತೆ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬಳಸಿ ಬಂದು ಹಿಂದಿನಿಂದ ಮೂಸಿ ನೋಡುತ್ತದೆ. ಬೇಕಾದಾಗ ಹತ್ತಿರ, ಬೇಡವಾದಾಗ ದೂರ. ಹಿಗ್ಗಿಸುತ್ತ ಕುಗ್ಗಿಸುತ್ತ ತನ್ನ ಗೆರೆಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಅದರ ಸಂಧಾನದ ಭಾಷೆಯೇ ದೂರ.

ಹಗ್ಗ ಈ ಭಾಷೆಯನ್ನು ಕಿತ್ತುಕೊಳ್ಳುತ್ತದೆ. ಕಟ್ಟಿದ ನಾಯಿಗೆ ಬಾಗಿ ಬರಲಾಗದು, ಹಿಂದೆ ಸರಿಯಲಾಗದು. ಅದರ ಬೆನ್ನಿಗೆ ಸರಳಿನ ಪಂಜರವಿಲ್ಲ, ಕೊರಳಿಗೆ ಇದೆ. ಕಾಲ್ತೆಗೆಯುವ ದೂರ ಹಗ್ಗಕ್ಕಿಂತ ದೊಡ್ಡದಾಗಿದ್ದರೆ, ಹಾದುಹೋಗುವ ಪ್ರತಿಯೊಬ್ಬರೂ ಅದರ ಪಾಲಿಗೆ ಗೆರೆಯೊಳಗೆ ಬಂದವರೇ. ಓಡುವಂತಿಲ್ಲ, ಉಳಿದದ್ದು ಎದುರಿನವರನ್ನು ಓಡಿಸುವುದು. ದೂರ ಬೇಕು, ತಾನು ಹೋಗಿ ಪಡೆಯಲಾರದು, ಆದ್ದರಿಂದ ಎದುರಿನವರಿಂದ ಕೇಳುತ್ತದೆ. ಆ ಆರ್ಭಟದ ಅರ್ಥ ಇಷ್ಟೇ: ನಾನು ಸರಿಯಲಾರೆ, ನೀನು ಸರಿ.

ಇದರ ಮೇಲೆ ಹಗ್ಗ ಇನ್ನೊಂದು ಕೇಡು ಮಾಡುತ್ತದೆ. ತುದಿಗೆ ಜಗ್ಗಿದಾಗ ಮುಂಗಾಲು ನೆಲ ಬಿಡುತ್ತವೆ, ಎದೆ ಮೇಲಕ್ಕೇಳುತ್ತದೆ, ಕಣ್ಣು ಹೊರಬರುತ್ತದೆ, ಉಸಿರು ಗೊರಗುಟ್ಟುತ್ತದೆ. ನೋಡಿದವರಿಗೆ ಅದು ಮೇಲೆ ಬೀಳಲು ಹೊರಟ ಭಂಗಿ. ಕಲ್ಲು ಎತ್ತಿಕೊಳ್ಳುತ್ತಾರೆ. ನಾಯಿಯ ಲೆಕ್ಕದಲ್ಲಿ ದಾರಿಯಲ್ಲಿ ಜನ ಕಂಡಾಗಲೆಲ್ಲ ಕೊರಳು ನೋಯುತ್ತದೆ, ಕಲ್ಲು ಬರುತ್ತದೆ, ಮತ್ತು ಬೊಗಳಿದರೆ ಜನ ಹೊರಟುಹೋಗುತ್ತಾರೆ. ಅವರು ಹೇಗಿದ್ದರೂ ಹೋಗುವವರೇ ಎಂಬುದು ಅದಕ್ಕೆ ಗೊತ್ತಿಲ್ಲ. ಬೊಗಳಿದ್ದು ಫಲಿಸಿತು ಎಂದು ಕಲಿಯುತ್ತದೆ, ನಾಳೆ ಇನ್ನಷ್ಟು ಬೇಗ ಶುರುಮಾಡುತ್ತದೆ.

ಡೆನ್ವರಿನ ಲೆಕ್ಕ, ಜಾರುಬಂಡಿಯ ನಾಯಿಗಳು

ಅಮೆರಿಕದ ಡೆನ್ವರ್ ನಗರದಲ್ಲಿ ಕಚ್ಚಿದ ನಾಯಿಗಳನ್ನೂ ಅದೇ ಬಡಾವಣೆಗಳ ಕಚ್ಚದ ನಾಯಿಗಳನ್ನೂ ಹೋಲಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅಂಗಳದಲ್ಲಿ ಸರಪಳಿ ಹಾಕಿ ಇಡುವುದು ಕಚ್ಚಿದ ನಾಯಿಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಇದನ್ನು ಹಿಡಿದುಕೊಂಡು ಸರಪಳಿಯೇ ಕಚ್ಚಿಸುತ್ತದೆ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಕಚ್ಚುವ ನಾಯಿಯನ್ನೇ ಜನ ಕಟ್ಟಿಹಾಕುತ್ತಿರಲೂಬಹುದು. ಮಳೆಗೂ ಕೊಡೆಗೂ ಇರುವ ನಂಟಿನಂತೆ, ಯಾವುದು ಮೊದಲು ಎಂದು ಬರೀ ಲೆಕ್ಕ ಹೇಳುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದವರು ಅಲಾಸ್ಕಾದ ಜಾರುಬಂಡಿ ಎಳೆಯುವ ನಾಯಿಗಳನ್ನು ಸರಪಳಿಯಲ್ಲೂ ದೊಡ್ಡಿಯಲ್ಲೂ ಇಟ್ಟು ನೋಡಿ, ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2001ರಲ್ಲಿ ಬರೆದರು. ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ಕಾಣುವುದು ಇದು: ಹಗ್ಗ ತಾನಾಗಿ ವಿಷವಲ್ಲ, ದೊಡ್ಡಿ ತಾನಾಗಿ ಔಷಧಿಯಲ್ಲ. ಬೀದಿಗೆ ಅಂಟಿಸಿ ಕಟ್ಟಿದ ಇಕ್ಕಟ್ಟಾದ ದೊಡ್ಡಿಯಲ್ಲೂ ನಾಯಿಗೆ ಸರಿಯಲು ಜಾಗವಿರುವುದಿಲ್ಲ.

ಸುಮ್ಮನಾದ ನಾಯಿ

ಕಟ್ಟಿದ ಕೆಲವು ನಾಯಿಗಳು ಬೊಗಳುವುದಿಲ್ಲ. ಬಾ ಎಂದರೆ ಬರುವುದಿಲ್ಲ, ಹೋಗು ಎಂದರೆ ಏಳುವುದಿಲ್ಲ. ಒಗ್ಗಿಕೊಂಡಿತು ಎನ್ನುತ್ತೇವೆ.

1967ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ ನಾಯಿಗಳಿಗೆ ವಿದ್ಯುತ್ತಿನ ಪೆಟ್ಟು ಕೊಟ್ಟ ಪ್ರಯೋಗ ಮಾಡಿದರು. ಓದಲು ಸಂಕಟವಾಗುತ್ತದೆ, ಇಂದು ಅಂಥದ್ದು ಯಾರೂ ಮಾಡಬಾರದು. ಹಲಗೆ ಒತ್ತಿ ಪೆಟ್ಟನ್ನು ನಿಲ್ಲಿಸಬಲ್ಲ ನಾಯಿಗಳು ಮುಂದೆ ಗಿಡ್ಡ ತಡೆಯನ್ನು ಹಾರಿ ತಪ್ಪಿಸಿಕೊಂಡವು. ಏನು ಮಾಡಿದರೂ ನಿಲ್ಲಿಸಲಾಗದ ನಾಯಿಗಳಲ್ಲಿ ಅನೇಕವು, ಹಾರಿದರೆ ಬಿಡುಗಡೆ ಎಂಬಲ್ಲೂ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತವು ಎಂದು ಅವರು ಆಗ ಹೇಳಿದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಿದುಳಿನ ಹೊಸ ಅಧ್ಯಯನಗಳನ್ನು ಮುಂದಿಟ್ಟು ಅದೇ ಇಬ್ಬರು ತಮ್ಮ ಮಾತನ್ನು ತಿರುವಿಹಾಕಿದರು: ಬಹುಕಾಲದ ಕಷ್ಟಕ್ಕೆ ಮುದುಡಿ ಬೀಳುವುದು ಪ್ರಾಣಿಯ ಹುಟ್ಟುಗುಣ, ಕಲಿಯಬೇಕಾದದ್ದು ನನ್ನ ಕೈಲಿ ಏನೋ ಆಗುತ್ತದೆ ಎಂಬುದನ್ನು. ವಿಜ್ಞಾನಿಗಳು ತಮ್ಮ ಹೆಸರಾದ ಸಿದ್ಧಾಂತವನ್ನು ತಾವೇ ತಿದ್ದಿದ ಈ ನಡೆಯನ್ನು ನಾನು ತುಂಬ ಗೌರವಿಸುತ್ತೇನೆ.

ಆರ್ಭಟಿಸುವ ನಾಯಿ, ಮುದುಡಿದ ನಾಯಿ ಎರಡಕ್ಕೂ ಇಲ್ಲದ್ದು ಒಂದೇ. ತನ್ನ ಕಾಲಿನಿಂದ ಪರಿಸ್ಥಿತಿ ಬದಲಾಗುತ್ತದೆ ಎಂಬ ಅನುಭವ.

ತಂತಿ ಕಟ್ಟುವುದು ಹೇಗೆ

ಕಟ್ಟಿದ ನಾಯಿಗೂ ಆ ಅನುಭವವನ್ನು ಒಂದಿಷ್ಟು ಉಳಿಸುವ ದಾರಿಯಿದೆ. ಎರಡು ಗಟ್ಟಿ ಕಂಬಗಳ ನಡುವೆ ಆಳೆತ್ತರದಲ್ಲಿ ತಂತಿ ಬಿಗಿದು, ಅದರಲ್ಲಿ ಓಡಾಡುವ ಬಳೆಗೆ ಹಗ್ಗ ಇಳಿಬಿಡುವ ಉಪಾಯ ಹೊಸದೇನಲ್ಲ. ಇದನ್ನು ಓಟದ ತಂತಿ ಎನ್ನೋಣ. ಬಳೆ ಹತ್ತು ಮೀಟರ್ ಓಡುವಂತಿದ್ದರೆ, ಎರಡೂ ಬದಿಗೆ ಎರಡೆರಡು ಮೀಟರ್ ಸೇರಿ ನಾಯಿಗೆ ಸಿಗುವ ನೆಲ ಒಂದೂಕಾಲು ಸೆಂಟಿಗೂ ಹೆಚ್ಚು. ಮರಕ್ಕೆ ಕಟ್ಟಿದಾಗ ಸಿಗುತ್ತಿದ್ದದ್ದರ ನಾಲ್ಕು ಪಟ್ಟು.

ಹಗ್ಗ ಎಷ್ಟುದ್ದ? ತಂತಿ ಎರಡು ಮೀಟರ್ ಎತ್ತರದಲ್ಲಿ, ನಾಯಿಯ ಬೆನ್ನು ಅರ್ಧ ಮೀಟರಿನಲ್ಲಿ ಇದೆ ಎನ್ನಿ. ಪಕ್ಕಕ್ಕೆ ಎರಡು ಮೀಟರ್ ಹೋಗಬೇಕಾದರೆ ಎರಡೂವರೆ ಮೀಟರ್ ಹಗ್ಗ ಬೇಕು. ಗಾರೆ ಮೇಸ್ತ್ರಿ ಗೋಡೆಯ ಮೂಲೆ ನೋಡುವ 3-4-5ರ ಲೆಕ್ಕವೇ ಇದು. ಬಳೆ ಕಂಬದವರೆಗೆ ಹೋಗದಂತೆ ಎರಡೂ ಕಡೆ ಎರಡೂವರೆ ಮೀಟರ್ ಮೊದಲೇ ತಂತಿಗೆ ಗಂಟು ಹಾಕಿ ತಡೆಯಬೇಕು. ಇಲ್ಲವಾದರೆ ನಾಯಿ ಕಂಬಕ್ಕೆ ಸುತ್ತಿಕೊಳ್ಳುತ್ತದೆ, ತೆಂಗಿನ ಮರದ ಕಥೆ ಮತ್ತೆ ಶುರು. ಹಗ್ಗದ ಎರಡೂ ತುದಿಗೆ ತಿರುಗುವ ಕೊಂಡಿ ಇರಲಿ. ಹತ್ತಿ ಹಾರಬಹುದಾದ ಕಲ್ಲುರಾಶಿ, ಬದು, ತೊಟ್ಟಿಯ ಗೋಡೆ ಹಗ್ಗದ ಅಳತೆಯೊಳಗೆ ಇರಕೂಡದು. ಆಚೆಗೆ ಹಾರಿದ ನಾಯಿ ನೇತುಬೀಳುತ್ತದೆ. ಬಾವಿ ಆ ಅಳತೆಯ ಹತ್ತಿರಕ್ಕೂ ಬರಬಾರದು.

ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ. ಓಡಿ ಬಂದ ನಾಯಿಯನ್ನು ಹಗ್ಗ ಒಮ್ಮೆಗೇ ತಡೆದಾಗ ಆ ಇಡೀ ವೇಗದ ಪೆಟ್ಟು ಎರಡು ಬೆರಳಗಲದ ಪಟ್ಟಿಯಿಂದ ಶ್ವಾಸನಾಳದ ಮೇಲೆ ಬೀಳುತ್ತದೆ. ಮುಧೋಳದಂಥ ಓಟದ ತಳಿಯಾದರೆ ಕೇಳುವುದೇ ಬೇಡ. ಕಂಬಂ ಕಣಿವೆಯ ಕೊಂಬೈ ಊರಿನ ಕಾವಲು ನಾಯಿಗಳ ಕತ್ತು ಗಟ್ಟಿಯೆಂದು ಜನ ನಂಬುತ್ತಾರೆ. ಆದರೆ ಕತ್ತು ಗಟ್ಟಿಯಾದ ಮಾತ್ರಕ್ಕೆ ಶ್ವಾಸನಾಳ ಗಟ್ಟಿಯಾಗದು.

ನೆರಳಿನ ಮಾತು ಬೇರೆಯೇ ಹೇಳಬೇಕು. ನಾಯಿಯ ಮೈ ಬೆವರುವುದಿಲ್ಲ, ಪಾದದ ಮೆತ್ತೆಗಳಷ್ಟೇ ಒಂದಿಷ್ಟು ಬೆವರುತ್ತವೆ. ಏದುಸಿರು ಬಿಟ್ಟು ನಾಲಿಗೆಯ ಮೂಗಿನ ಒದ್ದೆಯನ್ನು ಆರಿಸಿಕೊಂಡು ಅದು ತಣ್ಣಗಾಗುತ್ತದೆ, ಅದಕ್ಕೆ ನೀರೂ ನೆರಳೂ ಬೇಕೇಬೇಕು. ಬೆಳಿಗ್ಗೆ ನೋಡಿ ಕಟ್ಟಿದ ನೆರಳು ಹನ್ನೆರಡಕ್ಕೆ ಅಲ್ಲಿರುವುದಿಲ್ಲ. ವೇದಸಂದೂರಿನ ಅಕ್ಷಾಂಶದಲ್ಲಿ ಏಪ್ರಿಲ್ ನಡುವಿನಲ್ಲೊಮ್ಮೆ, ಆಗಸ್ಟ್ ಕೊನೆಯ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ದಿನಗಳ ನಡುಹಗಲು ಗೋಡೆಗೆ ನೆರಳೇ ಇಲ್ಲ. ಗೋಡೆಯ ಬುಡಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ ನಾಯಿ ಎಲ್ಲಿಗೆ ಹೋಗಬೇಕು? ಓಟದ ತಂತಿಯ ಒಂದು ತುದಿ ದಟ್ಟ ಮರದ ಕೆಳಗೆ ಇದ್ದರೆ ನೆರಳನ್ನು ಅದೇ ಹುಡುಕಿಕೊಳ್ಳುತ್ತದೆ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನು ಹಿಂಸೆ ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ಸದಾ ಕಟ್ಟಿಡುವ ನಾಯಿಯನ್ನು ಓಡಾಡಿಸದಿರುವುದನ್ನೂ ನಾಯಿ ಎಂದೇ ಹೆಸರಿಸಿ ಸೇರಿಸಿದೆ. ಎಷ್ಟು ಒಳ್ಳೆಯ ತಂತಿಯಾದರೂ ತೋಟದ ಕೆಲಸದ ಮೂರು ನಾಲ್ಕು ಗಂಟೆಗೆ, ಮನೆಯವರು ಕಣ್ಣಳತೆಯಲ್ಲಿ ಇರುವಾಗ ಮಾತ್ರ.

ಯಾವ ದಿಕ್ಕಿಗೆ

ಕರಿಯನಿಗೆ ಓಟದ ತಂತಿ ಕಟ್ಟಿದಾಗ ಮೊದಲು ತಪ್ಪಿದ್ದು ನಾನೇ. ಉದ್ದ ಚೆನ್ನಾಗಿ ಸಿಗುತ್ತದೆಂದು ದಾರಿಯ ಪಕ್ಕಕ್ಕೆ, ದಾರಿಯ ಉದ್ದಕ್ಕೇ ತಂತಿ ಎಳೆದೆವು. ಹಗ್ಗ ಸುತ್ತಿಕೊಳ್ಳುವುದು ನಿಂತಿತು. ಆರ್ಭಟ ಹೆಚ್ಚಾಯಿತು. ಆಡುಗಳ ಜೊತೆಜೊತೆಗೇ ಈ ತುದಿಯಿಂದ ಆ ತುದಿಗೆ ಓಡಿ ಬೊಗಳಿದ. ನೆಲ ನಾಲ್ಕು ಪಟ್ಟು ಸಿಕ್ಕಿತ್ತು, ದೂರ ಒಂದು ಅಡಿಯೂ ಸಿಕ್ಕಿರಲಿಲ್ಲ. ತಂತಿಯ ಯಾವ ತುದಿಗೆ ಹೋದರೂ ದಾರಿ ಅಷ್ಟೇ ಹತ್ತಿರ.

ಮರುದಿನ ತಂತಿ ಬಿಚ್ಚಿ ದಾರಿಗೆ ಅಡ್ಡಲಾಗಿ, ದಾರಿಯಿಂದ ತೋಟದ ಒಳಕ್ಕೆ ಹೋಗುವಂತೆ ಕಟ್ಟಿದೆವು. ಮುಂದಿನ ತುದಿಯೂ ದಾರಿಯಿಂದ ಹತ್ತು ಹೆಜ್ಜೆ ಒಳಗೆ. ಹಿಂದಿನ ತುದಿ ಬೇವಿನ ಮರದ ಕೆಳಗೆ, ಅಜ್ಜಿ ಕಳೆ ಕೀಳುವ ಸಾಲುಗಳ ಕಡೆಗೆ. ಅಲ್ಲೇ ನೀರಿನ ಮಣ್ಣಿನ ಬಾನಿ, ಒಂದು ಗೋಣಿಚೀಲ. ನಾಯಿಗೆ ಈಗ ಮುಂದೂ ಇತ್ತು, ಹಿಂದೂ ಇತ್ತು.

ಮೊದಲ ಎರಡು ದಿನ ಹಳೆಯ ಅಭ್ಯಾಸದಂತೆ ಮುಂದಿನ ತುದಿಗೆ ಓಡಿ ಜಗ್ಗಿದ. ಆಡು ಬರುವ ಹೊತ್ತಿಗೆ ಅಜ್ಜಿ ಬೇವಿನ ಕೆಳಗೆ ಕೂತು ಕರೆದು ಒಂದು ತುಂಡು ರೊಟ್ಟಿ ಕೊಡುತ್ತಿದ್ದರು. ಬುಡಾಪೆಸ್ಟಿನ ನಾಯಿಗಳಿಗೆ ಮನುಷ್ಯರು ಬೇಲಿ ಬಳಸಿ ತೋರಿಸಿದಂತೆ ಇದೂ ಒಂದು ದಾರಿ ತೋರಿಸುವ ಕೆಲಸ. ಹೊರಡುವ ದಿನ ಬೆಳಿಗ್ಗೆ ನಾನು ಬದುವಿನ ಮೇಲೆ ಕೂತಿದ್ದೆ. ಆಡಿನ ಗಂಟೆ ಕೇಳಿತು. ಕರಿಯ ಎದ್ದು, ತಂತಿಯ ನಡುವಿನವರೆಗೆ ಹೋಗಿ ನಿಂತ. ಹಗ್ಗ ಸಡಿಲವಾಗಿ ಇಳಿಬಿದ್ದಿತ್ತು. ಎರಡು ಸಲ ಬೊಗಳಿದ. ಆಡಿನವರು ಇವನತ್ತ ನೋಡಿದರು, ಕೈಯಲ್ಲಿ ಕಲ್ಲಿರಲಿಲ್ಲ. ಮೇಲೆ ಬಳೆ ಕಿರುಗುಟ್ಟುತ್ತ ಹಿಂದಕ್ಕೆ ಸರಿಯಿತು. ಕರಿಯ ಬೇವಿನ ಕೆಳಗೆ ಹೋಗಿ, ಗೋಣಿಚೀಲದ ಮೇಲೆ ಎರಡು ಸುತ್ತು ತಿರುಗಿ, ಆಡುಗಳಿಗೆ ಮುಖ ಮಾಡಿ ಮಲಗಿ ನೋಡತೊಡಗಿದ.